ಹೊಳೆಯಪ್ಪ ಆರಿಸಿದ ಪ್ಲೇಟು

ಹೊಳೆಯಪ್ಪನಿಗೆ ಐವತ್ತೆರಡು ವರ್ಷ. ಅವನ ಎಡ ಮೊಣಕಾಲಿಗೆ ಮಾತ್ರ ಎಪ್ಪತ್ತು ದಾಟಿತ್ತು. ಉಳಿದ ಮೈಯೆಲ್ಲ ನೆಟ್ಟಗೇ ಇತ್ತು. ಕಣ್ಣು ಚುರುಕು, ತೋಳಿನಲ್ಲಿ ಕಸುವು, ಎರಡು ಬಿಟ್ಟರೆ ಹಲ್ಲೆಲ್ಲ ಗಟ್ಟಿ. ಆದರೆ ಒಂಬತ್ತು ವರ್ಷ ಬೆಟಗೇರಿಯ ಸಂದಿಗೊಂದಿಗಳಲ್ಲಿ ಮಿಲಿಟರಿ ಲಾರಿಯ ಕ್ಲಚ್ ತುಳಿದು ತುಳಿದು ಆ ಒಂದು ಕೀಲು ಸವೆದುಹೋಗಿತ್ತು. ಊಟಕ್ಕೆ ಕೂತರೆ ಕಾಲು ಮಡಚಲಾರದೆ ಮುಂದಕ್ಕೆ ಚಾಚುತ್ತಿದ್ದ. ಹೆಂಡತಿ ತಿಪ್ಪವ್ವ ಏನೂ ಕೇಳದೆ ತಾಟನ್ನು ಒಂದಿಷ್ಟು ಬಲಕ್ಕೆ ಸರಿಸಿ ಇಡುತ್ತಿದ್ದಳು. ಲಾರಿಯಿಂದ ಇಳಿದ ಕೂಡಲೇ ಬಾಗಿಲು ಹಿಡಿದುಕೊಂಡು, ಬೀಡಿ ಹುಡುಕುವವನ ಹಾಗೆ ಜೇಬು ತಡಕುತ್ತ ನಿಲ್ಲುತ್ತಿದ್ದ. ಬೀಡಿ ಸಿಗುವಷ್ಟರಲ್ಲಿ ಮೊಣಕಾಲು ಹಾದಿಗೆ ಬರುತ್ತಿತ್ತು. ಇವನಿಗೆ ಬೀಡಿಯ ಚಟ ಹೆಚ್ಚಾಯಿತು ಎಂದು ಜನ ಆಡಿಕೊಂಡರು, ಆಡಿಕೊಳ್ಳಲಿ ಎಂದು ಅವನೂ ಸುಮ್ಮನಿದ್ದ.

ಯಾಕೆಂದರೆ ಕಾಲಿನ ಸಂಗತಿ ಹೊರಬಿದ್ದರೆ ಸೀಟು ಹೋಗುತ್ತಿತ್ತು. ಸೀಟು ಹೋದರೆ ಹೊಳೆಯಪ್ಪನ ಹತ್ತಿರ ಉಳಿಯುವುದಾದರೂ ಏನು? ಅವನ ಅಪ್ಪ ಕೋಟುಮಚಗಿಯಲ್ಲಿ ಮಂದಿಯ ಹೊಲದಲ್ಲಿ ದುಡಿದು ಸತ್ತವನು. ಇವನು ಯುದ್ಧದ ಕಾಲಕ್ಕೆ ಸೈನ್ಯ ಸೇರಿ ಸ್ಟೇರಿಂಗ್ ಹಿಡಿಯುವುದನ್ನು ಕಲಿತು ಬಂದ. ಮೊದಲು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದ ಪೇಟೆಯ ಸಾವುಕಾರರು ಆಮೇಲೆ ಇವನ ಮಗ್ಗುಲಿಗೆ ಕೂತು ಲಕ್ಷ್ಮೇಶ್ವರಕ್ಕೆ ಹೋಗಿಬರತೊಡಗಿದರು. ಆ ಸೀಟಿನ ಮೇಲೆ ಕೂತಷ್ಟು ಹೊತ್ತು ಅವನು ಯಾರಿಗೂ ತಲೆಬಾಗಬೇಕಾಗಿರಲಿಲ್ಲ. ಹೀಗಾಗಿ ನೋವನ್ನು ನುಂಗುವುದೇ ಅವನಿಗೆ ಎರಡನೆಯ ನೌಕರಿಯಾಗಿತ್ತು, ಮತ್ತು ಈಚೆಗೆ ಆ ಎರಡನೆಯ ನೌಕರಿ ಮೊದಲನೆಯದಕ್ಕಿಂತ ಹೆಚ್ಚು ದಣಿಸುತ್ತಿತ್ತು.

ಲಾರಿ ಬೆಟಗೇರಿಯ ಅನ್ನಪೂರ್ಣವ್ವನದು. ಸ್ವಾತಂತ್ರ್ಯ ಬಂದ ವರ್ಷ ಅವಳ ಗಂಡ ಉಳವಪ್ಪ ಪುಣೆಯ ಕಡೆ ಮಿಲಿಟರಿ ಸಾಮಾನು ಹರಾಜಾದಾಗ ಕೂಗಿ ಹಿಡಿದು ತಂದದ್ದು. ಹಿಂಭಾಗದಲ್ಲಿ ತೋಪು ಎಳೆಯುವ ದಪ್ಪ ಕೊಂಡಿ ಇನ್ನೂ ಹಾಗೇ ಇತ್ತು. ಉಳವಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಲಾರಿ ನಡೆಸುವುದು ಹೆಂಗಸರ ಕೆಲಸವಲ್ಲ ಎಂದು ಮೈದುನ ಚನ್ನಬಸವಣ್ಣ ವಾರಕ್ಕೊಮ್ಮೆ ಬಂದು ತಿಳಿಹೇಳಿ, ಚಹಾ ಕುಡಿದು ಹೋಗುತ್ತಿದ್ದ. ಅವಳು ಚಹಾ ಕೊಡುತ್ತಿದ್ದಳು, ಲಾರಿ ಕೊಡುತ್ತಿರಲಿಲ್ಲ. ಗಂಡ ಹಾಕಿಕೊಟ್ಟ ಒಂದು ರೂಢಿಯನ್ನು ಮಾತ್ರ ಆಕೆ ಚಾಚೂ ತಪ್ಪದೆ ಪಾಲಿಸುತ್ತಿದ್ದಳು: ಲಾರಿಗೆ ಏನು ಹಾಕಬೇಕೆಂಬುದನ್ನು ಡ್ರೈವರ್ ಹೇಳಬೇಕು. ಟಾಯರು, ಹಾರ್ನು, ಸೀಟಿನ ಗಾದಿ, ಎಲ್ಲದಕ್ಕೂ ಹೊಳೆಯಪ್ಪನ ಮಾತೇ ಕೊನೆ.

ಐವತ್ತಾರನೆಯ ಇಸವಿಯ ಅಕ್ಟೋಬರದಲ್ಲಿ ಕ್ಲಚ್ ಪ್ಲೇಟು ಹೋಯಿತು. ಅದೂ ಎಂಥ ಹೊತ್ತಿನಲ್ಲಿ ಅಂದರೆ, ಲಕ್ಷ್ಮೇಶ್ವರದ ಹಳೆಯ ಹತ್ತಿ ಗಿರಣಿಯೊಂದರ ಬಾಯ್ಲರನ್ನು ಮುಂಡರಗಿಯ ಗಿರಣಿಗೆ ಎಳೆದು ಮುಟ್ಟಿಸುವ ಕೆಲಸವನ್ನು ಅನ್ನಪೂರ್ಣವ್ವ ಒಪ್ಪಿಕೊಂಡಿದ್ದಳು. ದೀಪಾವಳಿ ಪೂಜೆಯ ಹೊತ್ತಿಗೆ ಬಾಯ್ಲರ್ ಮುಂಡರಗಿಯಲ್ಲಿ ಇಳಿದಿರಬೇಕು. ಅತ್ತ ನವೆಂಬರ್ ಒಂದಕ್ಕೆ ಕನ್ನಡ ನಾಡೆಲ್ಲ ಒಂದಾಗುತ್ತದೆ ಎಂದು ಊರು ತುಂಬ ಅದೇ ಮಾತು. ಹೊಳೆಯಪ್ಪನಿಗೆ ನಾಡಿನ ಚಿಂತೆಗಿಂತ ಮೊಣಕಾಲಿನ ಚಿಂತೆ ದೊಡ್ಡದಾಗಿತ್ತು.

ಗೌಸಸಾಬನ ಗ್ಯಾರೇಜು ಗದಗ ಸ್ಟೇಷನ್ನಿಗೆ ಹೋಗುವ ಹಾದಿಯಲ್ಲಿತ್ತು. ಅವನೂ ಹೊಳೆಯಪ್ಪನೂ ಒಂದೇ ವಯಸ್ಸಿನವರು, ಒಬ್ಬರ ತಂಬಾಕು ಇನ್ನೊಬ್ಬರು ಕೇಳದೆ ತೆಗೆದುಕೊಳ್ಳುವಷ್ಟು ಸಲಿಗೆ. ಬಿಡಿಭಾಗದ ಅಂಗಡಿಯಿಂದ ಎರಡು ಪ್ಲೇಟುಗಳನ್ನು ಅವುಗಳ ಸ್ಪ್ರಿಂಗಿನ ಸೆಟ್ ಸಮೇತ ತರಿಸಿ, ಗೋಣಿಚೀಲದ ಮೇಲೆ ಹರವಿಕೊಂಡು ಕೂತಿದ್ದ.

"ನೋಡು ಹೊಳೆಪ್ಪಾ," ಅಂದ ಗೌಸಸಾಬ, "ಇಂಜಿನ್ನು ಒಂದ ಕಡೆ ತಿರಗತೈತಿ, ಗಾಲಿ ಒಂದ ಕಡೆ. ನಡುವ ಇಬ್ಬರ ಕೈ ಹಿಡಸೂದು ಈ ಪ್ಲೇಟು. ಇದು ಮೆತ್ತಂದು. ಓಣ್ಯಾಗ ಸಾವಕಾಶ ಹಿಡಿತೈತಿ, ಪೆಡ್ಲೂ ಹಗರ. ಆದರ ಹಿಂದ ಭಾರ ಕಟ್ಟಿ ಏರ ಹತ್ತಿಸಿದಿ ಅಂದ್ರ ಜಾರತೈತಿ, ಸುಡತೈತಿ. ಇದು ಗಟ್ಟೀದು. ಒಂಬತ್ತ ಸ್ಪ್ರಿಂಗು. ಹಿಡದ್ರ ಬಿಡಂಗಿಲ್ಲ. ಬಾಯ್ಲರ್ ಜಗ್ಗಾಕ ಇದ ಬೇಕು. ಆದರ ಪೆಡ್ಲು ಒತ್ತಾಕ ಎತ್ತಿನ ಕಾಲ ಬೇಕು."

"ಓಣ್ಯಾಗೂ ತಿರಗಬೇಕು, ಭಾರಾನೂ ಜಗ್ಗಬೇಕು. ಎರಡಕ್ಕೂ ಆಗೂವಂಥಾದು ಇಲ್ಲೇನು?"

"ಇಲ್ಲಿ ಇಲ್ಲ. ಅಮೇರಿಕಾದಾಗ ಎಣ್ಣಿ ತುಂಬಿದ್ದೊಂದು ಡಬ್ಬಿ ಮಾಡ್ಯಾರಂತ. ಪ್ಲೇಟೂ ಬ್ಯಾಡ, ಪೆಡ್ಲೂ ಬ್ಯಾಡ. ಇಂಜಿನ್ನು ಎಣ್ಣಿ ತಿರಗಸತೈತಿ, ಎಣ್ಣಿ ಗಾಲಿ ತಿರಗಸತೈತಿ. ರೈಲ್ವೆ ಫೋರಮನ್ ಹೇಳತಿದ್ದ."

"ಎಣ್ಣಿ ಗಾಲಿ ತಿರಗಸತೈತಿ?" ಹೊಳೆಯಪ್ಪ ನಕ್ಕ. "ನಿನ್ನ ಫೋರಮನ್ ಏನ ಕುಡದಿದ್ದ ಕೇಳು."

ನಕ್ಕನೇನೋ ನಿಜ, ಆದರೆ ಪೆಡಲ್ಲೇ ಇಲ್ಲದ ಲಾರಿ ಎಂಬ ಮಾತು ಅವನ ಹೊಟ್ಟೆಯಲ್ಲಿ ಎಲ್ಲೋ ಹೊಕ್ಕು ಕೂತಿತು. ಅಂಥದೊಂದು ಇದ್ದಿದ್ದರೆ ಅವನು ಎಂಬತ್ತಾದರೂ ಲಾರಿ ಹೊಡೆಯುತ್ತಿದ್ದ.

ಅಂಗಳದಲ್ಲಿ ಕಲ್ಲಿನ ಕ್ವಾರಿಯ ಲಾರಿಯೊಂದು ನಿಂತಿತ್ತು. ಅದಕ್ಕೆ ಅದೇ ಗಟ್ಟಿ ಸೆಟ್ ಹಾಕಿತ್ತು. ಅದರ ಡ್ರೈವರ್ ಇಸಾಕ, ಮೂವತ್ತರ ಆಳು, ಕ್ವಾರಿ ಮುಚ್ಚಿದ್ದರಿಂದ ಕೆಲಸವಿಲ್ಲದೆ ಗೋಡೆಯ ನೆರಳಿಗೆ ಕೂತಿದ್ದ. ಹತ್ತಿ ನೋಡು ಎಂದು ಗೌಸಸಾಬ ಅಂದ. ಹೊಳೆಯಪ್ಪ ಹತ್ತಿದ. ಮೊದಲ ಸಲ ಪೆಡಲು ಕೆಳಗೆ ಹೋಯಿತು. ಎರಡನೆಯ ಸಲ ಹಲ್ಲು ಕಚ್ಚಿ ಒತ್ತಿದ. ಮೂರನೆಯ ಸಲ ಅರ್ಧಕ್ಕೆ ಹೋಗುವಷ್ಟರಲ್ಲಿ ಮೊಣಕಾಲಿನೊಳಗೆ ಏನೋ ಕಳಚಿದ ಹಾಗಾಗಿ, ಪೆಡಲು ಅವನ ಕಾಲನ್ನು ಮೇಲಕ್ಕೆ ಒಗೆಯಿತು. ಕಣ್ಣಲ್ಲಿ ನೀರು ಬಂತು. ಲಕ್ಷ್ಮೇಶ್ವರದಿಂದ ಮುಂಡರಗಿಯ ತನಕ ಇದನ್ನು ಎಷ್ಟು ಸಲ ಒತ್ತಬೇಕು ಎಂದು ಲೆಕ್ಕ ಹಾಕಲೂ ಅವನಿಗೆ ಧೈರ್ಯವಾಗಲಿಲ್ಲ. ಕೆಳಗಿಳಿದು ಬೀಡಿ ಹುಡುಕಿದ. ಗೌಸಸಾಬ ಆ ಕಡೆ ಮುಖ ಮಾಡಿ ನಟ್ಟು ಬಿಚ್ಚುವ ಪಾನಾ ಒರೆಸುತ್ತಿದ್ದ, ಅದು ಆಗಲೇ ಸ್ವಚ್ಛವಾಗಿತ್ತು.

ಸಂಜೆ ಅನ್ನಪೂರ್ಣವ್ವ ಕೇಳಿದಳು: "ಯಾವದ ಹಾಕೂದು ಹೊಳೆಯಪ್ಪಾ?"

"ಮೆತ್ತಂದ ಸಾಕ್ರಿ ಅಕ್ಕಾರ."

"ಬಾಯ್ಲರ್ ಜಗ್ಗತೈತಿ?"

"ಜಗ್ಗತೈತ್ರಿ."

ಅವಳು ಇನ್ನೊಂದು ಮಾತು ಕೇಳಲಿಲ್ಲ. ಕೇಳಿದ್ದರೆ ಚಲೋ ಆಗುತ್ತಿತ್ತು. ನಾಲ್ಕು ಸಲ ತಿರುವಿ ತಿರುವಿ ಕೇಳಿದ್ದರೆ ಅವನು ಬಹುಶಃ ಬಾಯಿ ಬಿಡುತ್ತಿದ್ದ. ಒಂದೇ ಮಾತಿಗೆ ನಂಬಿದ ಮನುಷ್ಯರ ಎದುರು ಸುಳ್ಳು ವಾಪಸು ತೆಗೆದುಕೊಳ್ಳುವುದು ಎಷ್ಟು ಕಷ್ಟ ಎಂಬುದು ಅವತ್ತು ಅವನಿಗೆ ತಿಳಿಯಿತು.

ಮರುದಿನ ಪ್ಲೇಟನ್ನು ಅವಳ ಮನೆಗೆ ತಂದರು. ಆ ಮನೆಯಲ್ಲಿ ಹೊಸದೇನು ಬಂದರೂ, ಬೀಸುವ ಕಲ್ಲಾಗಲಿ ತಕ್ಕಡಿಯಾಗಲಿ, ಪೂಜೆಯಾಗದೆ ಕೆಲಸಕ್ಕೆ ಹಚ್ಚುತ್ತಿರಲಿಲ್ಲ. ಅನ್ನಪೂರ್ಣವ್ವ ಪ್ಲೇಟನ್ನು ಮಣೆಯ ಮೇಲೆ ಇಟ್ಟಳು. ಕುಸಬಿ ಎಣ್ಣೆಯ ಬಟ್ಟಲಿನಲ್ಲಿ ಅಂಗೈ ಅದ್ದಿ, ಎಳೆಗೂಸಿಗೆ ತಿಕ್ಕಿದ ಹಾಗೆ, ಪ್ಲೇಟಿನ ಎರಡೂ ಮೈಗೆ ನಿಧಾನಕ್ಕೆ ತಿಕ್ಕಿದಳು. ಮೇಲೆ ವಿಭೂತಿ ಹಚ್ಚಿ, ಹೂವು ಏರಿಸಿದಳು. ಚನ್ನಬಸವಣ್ಣ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದ, ಕೈಮುಗಿದ.

ಹೊಸ್ತಿಲ ಹೊರಗಿದ್ದ ಹೊಳೆಯಪ್ಪ ಒಂದು ಹೆಜ್ಜೆ ಮುಂದಿಟ್ಟು ತಡೆದು ನಿಂತ. ಕ್ಲಚ್ ಪ್ಲೇಟಿಗೆ ಒಂದು ಹನಿ ಎಣ್ಣೆಯೂ ತಾಗಬಾರದು. ತಾಗಿದರೆ ಅದು ಹಿಡಿಯುವುದಿಲ್ಲ, ಬರೀ ಜಾರುತ್ತದೆ. ಆದರೆ ಕಣ್ಣುಮುಚ್ಚಿ ತುಟಿ ಅಲುಗಿಸುತ್ತಿದ್ದ ಆ ಹೆಂಗಸಿಗೆ ನಿಮ್ಮ ಪೂಜೆಯೇ ತಪ್ಪು ಎಂದು ಹೇಗೆ ಹೇಳುವುದು? ಅವನು ಸುಮ್ಮನೆ ಪ್ಲೇಟನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಟ. ಗ್ಯಾರೇಜಿನ ಹಿತ್ತಲಿನಲ್ಲಿ ಒಬ್ಬನೇ ಕೂತು ಪೆಟ್ರೋಲಿನಲ್ಲಿ ತೊಳೆದ. ಬಿಸಿಲಿಗೆ ಒಣಗಿಸಿ, ಉಸುಕಿನ ಕಾಗದ ಹಚ್ಚಿ ತಿಕ್ಕಿ, ಮತ್ತೊಮ್ಮೆ ತೊಳೆದ. ಮೂಗಿಗೆ ಹಿಡಿದು ನೋಡಿದ, ಕುಸಬಿಯ ವಾಸನೆ ಚೂರೂ ಇರಲಿಲ್ಲ. ಗೌಸಸಾಬನಿಗೂ ಹೇಳಲಿಲ್ಲ. ಇಷ್ಟು ಸಣ್ಣ ಸಂಗತಿ, ಹೇಳುವುದೇನು ಅನಿಸಿತು.

ಹತ್ತು ದಿನ ಲಾರಿ ಹಬ್ಬದ ಎತ್ತಿನ ಹಾಗೆ ಓಡಾಡಿತು. ಶೇಂಗಾ ಚೀಲ ಏರಿಸಿಕೊಂಡು ಬಿಂಕದಕಟ್ಟಿಗೆ ಹೋಗಿಬಂತು, ನೂಲಿನ ಗಂಟು ತುಂಬಿಕೊಂಡು ನೇಕಾರರ ಓಣಿಯಲ್ಲಿ ನುಸುಳಿತು. ಒಮ್ಮೆಯೂ ಜಾರಲಿಲ್ಲ. ಪೆಡಲು ಎಷ್ಟು ಹಗುರವೆಂದರೆ, ಹೊಳೆಯಪ್ಪ ಎರಡು ದಿನ ಬೀಡಿ ಹುಡುಕುವುದನ್ನೇ ಮರೆತ. ಬಾಯ್ಲರನ್ನೂ ಎಳೆದುಬಿಡಬಹುದೇನೋ ಎಂಬ ಆಸೆ ಮೂಡಿತು. ದಣಿದ ಮನುಷ್ಯ ತನಗೆ ಬೇಕಾದುದನ್ನು ಬಹಳ ಬೇಗ ನಂಬಿಬಿಡುತ್ತಾನೆ.

ಅಕ್ಟೋಬರದ ಕೊನೆಯ ವಾರ ಬೆಳಗಿನಲ್ಲೇ ಲಕ್ಷ್ಮೇಶ್ವರದಿಂದ ಹೊರಟರು. ಹಿಂದಿನ ಕೊಂಡಿಗೆ ಕಟ್ಟಿದ ಬಂಡಿಯ ಮೇಲೆ ಬಾಯ್ಲರು, ಅದರ ಅಕ್ಕಪಕ್ಕ ಹಾರೆ ಹಿಡಿದ ಗಿರಣಿಯ ಆರು ಆಳು, ಹೊಳೆಯಪ್ಪನ ಮಗ್ಗುಲಿಗೆ ಚನ್ನಬಸವಣ್ಣ. ಲಾರಿ ತಂದ ಹೊಸದರಲ್ಲಿ ಲಕ್ಷ್ಮೇಶ್ವರ ಮೀರಜದವರದು, ಶಿರಹಟ್ಟಿ ಸಾಂಗಲಿಯವರದು; ಒಬ್ಬ ರಾಜನ ಸೀಮೆ ಬಿಟ್ಟು ಇನ್ನೊಬ್ಬನ ಸೀಮೆ ಹೊಕ್ಕಾಗ ನಾಕಾದಲ್ಲಿ ನಿಲ್ಲಿಸಿ ಚೀಲ ಎಣಿಸುತ್ತಿದ್ದರು. ಈಗ ತಡೆಯುವವರೇ ಇರಲಿಲ್ಲ. ಶಿರಹಟ್ಟಿಯ ತನಕ ಸಪಾಟು ಹಾದಿ, ತೊಂದರೆಯಾಗಲಿಲ್ಲ.

ಶಿರಹಟ್ಟಿ ದಾಟಿ, ದೂರದಲ್ಲಿ ಕಪ್ಪತಗುಡ್ಡ ಕಾಣತೊಡಗಿದಾಗ ಏರು ಶುರುವಾಯಿತು. ಅರ್ಧ ಏರಿನಲ್ಲಿ ಇಂಜಿನ್ನು ಒಮ್ಮೆಲೇ ಜೋರಾಗಿ ಕೂಗಿತು, ಆದರೆ ಗಾಲಿ ತಿರುಗುವುದು ಕಡಿಮೆಯಾಯಿತು. ಹೊಳೆಯಪ್ಪನಿಗೆ ತಿಳಿಯಿತು. ಗೇರು ಇಳಿಸಿದ. ಇಂಜಿನ್ನು ಇನ್ನೂ ಜೋರಾಗಿ ಕೂಗಿತು, ಲಾರಿ ನಿಂತೇಬಿಟ್ಟಿತು. ಕಾಲ ಕೆಳಗಿಂದ ಸುಟ್ಟ ಚಿಂದಿಯ ವಾಸನೆ ಬಂತು, ಹಲಗೆಯ ಸಂದಿನಿಂದ ಹೊಗೆ ಎದ್ದಿತು. ಬ್ರೇಕು ಒತ್ತಿ ಹಿಡಿದು, "ಗಾಲಿಗೆ ಕಲ್ಲ ಕೊಡ್ರಿ, ಜಲ್ದಿ," ಎಂದು ಕೂಗಿದ. ಆಳುಗಳು ಬಂಡಿಯ ಹಿಂದೆ ಹೋಗಿ ಕಲ್ಲು ಕೊಟ್ಟರು. ಬಂಡಿ ಹಿಂದಕ್ಕೆ ಒಂದು ಮೊಳ ಜಾರಿ ನಿಂತಿತು. ಆ ಕಲ್ಲು ಕೊಡುವುದು ಒಂದಿಷ್ಟು ತಡವಾಗಿದ್ದರೆ ಬಾಯ್ಲರು ಆ ಆರು ಮಂದಿಯ ಮೇಲೆ ಬರುತ್ತಿತ್ತು. ಹೊಳೆಯಪ್ಪ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತ.

ಬಂಡಿಯನ್ನು ಅಲ್ಲೇ ಬಿಟ್ಟು, ಲಾರಿಯನ್ನು ಇನ್ನೊಂದು ಲಾರಿಗೆ ಕಟ್ಟಿ ಗದಗಿಗೆ ತಂದರು. ಮರುದಿನ ಮುಂಜಾನೆ ಗೌಸಸಾಬ ಪ್ಲೇಟು ಬಿಚ್ಚಿ ಗೋಣಿಯ ಮೇಲೆ ಇಟ್ಟ. ಸುಟ್ಟ ರೊಟ್ಟಿಯ ಹಾಗೆ ಕರಕಾಗಿತ್ತು. ಅನ್ನಪೂರ್ಣವ್ವ ತಲೆಯ ಮೇಲೆ ಸೆರಗು ಹೊದ್ದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು. ಚನ್ನಬಸವಣ್ಣ ಪ್ಲೇಟನ್ನು ನೋಡಿದ, ಅವಳನ್ನು ನೋಡಿದ.

"ವೈನಿ, ಇದಕ್ಕ ನೀವು ಎಣ್ಣಿ ಹಚ್ಚಿದ್ರಿ. ನಾನ ಕಣ್ಣಾರೆ ನೋಡೇನಿ," ಅಂದ. "ಪ್ಲೇಟಿಗೆ ಎಣ್ಣಿ ಹಚ್ಚಬಾರದಂತ, ನಮ್ಮನ್ನ ಎಳಕೊಂಡ ಬಂದ ಲಾರಿಯಾಂವ ದಾರ್ಯಾಗ ಹೇಳಿದ. ಹೌದೇನ ಗೌಸಸಾಬ?"

ಗೌಸಸಾಬ ಹೊಳೆಯಪ್ಪನ ಕಡೆ ಒಂದು ಗಳಿಗೆ ನೋಡಿದ. ಆಮೇಲೆ ನೆಲ ನೋಡಿ ಹೇಳಿದ: "ಎಣ್ಣಿ ತಾಗಿದ್ರ ಪ್ಲೇಟ ಜಾರೂದು ಖರೇರಿ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗೆಳೆಯನಿಗೆ ಅದಕ್ಕಿಂತ ದೊಡ್ಡ ಉಪಕಾರವನ್ನು ಯಾರೂ ಮಾಡಲಾರರು. ಹೊಳೆಯಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಸೀಟು ಅವನದೇ ಆಗಿ ಉಳಿಯುತ್ತಿತ್ತು.

ಅನ್ನಪೂರ್ಣವ್ವ ತನ್ನ ಅಂಗೈಯನ್ನು ನೋಡಿಕೊಂಡಳು. "ಆರು ಮಂದಿ ಇದ್ದರಂತಲ್ಲ ಹಿಂದ," ಅಂದಳು. ದನಿ ಬಹಳ ಸಣ್ಣಗಾಗಿತ್ತು. "ನನ್ನ ಕೈಲೆ ಆರು ಮಂದಿ ಸಾಯತಿದ್ದರು. ಚನ್ನಬಸಣ್ಣಾ, ನೀವ ಅಂದದ್ದ ಬರೋಬ್ಬರಿ. ಲಾರಿ ನೀವ ನಡಸ್ರಿ. ನನಗ ಇದು ಬ್ಯಾಡ."

ಮೂರು ವರ್ಷ ಚಹಾ ಕೊಟ್ಟು ಲಾರಿ ಕೊಡದ ಹೆಂಗಸು ಒಂದು ಗಳಿಗೆಯಲ್ಲಿ ಬಿಟ್ಟುಕೊಟ್ಟಳು. ಹೊಳೆಯಪ್ಪನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ದಣಿವಾಯಿತು. ಇನ್ನು ಮೇಲೆ ಮೊಣಕಾಲಿನ ಜೊತೆಗೆ ಇದನ್ನೂ ಹೊತ್ತುಕೊಂಡು ಆ ಸೀಟಿಗೆ ಹತ್ತಬೇಕು, ಇಳಿಯಬೇಕು. ಅಷ್ಟು ಕಸುವು ತನ್ನಲ್ಲಿ ಉಳಿದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

"ಎಣ್ಣಿದ ತಪ್ಪಲ್ರಿ ಅಕ್ಕಾರ," ಅಂದ.

ಎಲ್ಲರೂ ತಿರುಗಿದರು.

"ನೀವು ಹಚ್ಚಿದ ಎಣ್ಣಿ ಅವತ್ತ ತೊಳದೀನ್ರಿ. ಪೆಟ್ರೋಲ್ ಹಾಕಿ, ಎರಡ ಸಲ. ನಿಮಗ ಕೆಟ್ಟ ಅನಸಬಾರದಂತ ಹೇಳ್ಲಿಲ್ಲ. ಆಮ್ಯಾಲೆ ಹತ್ತ ದಿನ ಶೇಂಗಾ ಹೊತ್ತು ತಿರಗೇತಿ, ಒಂಚೂರೂ ಜಾರಿಲ್ಲ. ಎಣ್ಣಿ ಇದ್ದಿದ್ರ ಮೊದಲ ದಿನ ಜಾರತಿತ್ತು. ಪ್ಲೇಟು ಮೆತ್ತಂದ್ರಿ, ಅಷ್ಟ. ಬಾಯ್ಲರ್ ಇದರಿಂದ ಏಳೂದಿಲ್ಲ ಅಂತ ನನಗ ಮೊದಲ ಗೊತ್ತಿತ್ತು."

"ಗೊತ್ತಿದ್ದು ಯಾಕ ಜಗ್ಗತೈತಿ ಅಂದಿ?"

"ಮಣಕಾಲ ಹೋಗೇತ್ರಿ. ಗಟ್ಟಿ ಪೆಡ್ಲು ನನ್ನ ಕೈಲೆ ಒತ್ತಾಕ ಆಗೂದಿಲ್ಲ. ಹೇಳಿದ್ರ ಸೀಟ ಹೋಗತಿತ್ತು."

ಚನ್ನಬಸವಣ್ಣ ಏನೋ ಹೇಳಲು ಹೋದ, ಅನ್ನಪೂರ್ಣವ್ವ ಕೈ ಎತ್ತಿ ತಡೆದಳು. ಅವಳು ಹೊಳೆಯಪ್ಪನ ಕಾಲನ್ನೇ ನೋಡುತ್ತಿದ್ದಳು.

"ಎಷ್ಟ ದಿನ ಆತು?"

"ಎರಡ ವರ್ಷಾತ್ರಿ."

"ಎರಡ ವರ್ಷ ನನ್ನ ಮುಂದ ಬೀಡಿ ಹುಡಕಿದಿ," ಅಂದಳು. ದನಿಯಲ್ಲಿ ಸಿಟ್ಟಿತ್ತು. ಆಮೇಲೆ ಮೈದುನನ ಕಡೆ ತಿರುಗಿ, "ಚನ್ನಬಸಣ್ಣಾ, ಈಗ ಅಂದ ಮಾತು ವಾಪಸ ತಗೋತೀನಿ. ಲಾರಿ ನನ್ನ ಕಡೆನ ಇರತೈತಿ. ಗೌಸಸಾಬ, ಗಟ್ಟೀದ ಹಾಕ್ರಿ. ಆ ಕ್ವಾರಿ ಡ್ರೈವರ್ ಇಸಾಕ ಖಾಲಿ ಅದಾನಲ್ಲ, ಅವಗ ಹೇಳಿಕಳಸ್ರಿ," ಅಂದಳು.

ಹೊಳೆಯಪ್ಪ ಜೇಬಿನಿಂದ ಕೀಲಿ ತೆಗೆದು ಗೋಣಿಯ ಮೇಲೆ, ಸುಟ್ಟ ಪ್ಲೇಟಿನ ಪಕ್ಕ ಇಟ್ಟ. ಅಳು ಬರುತ್ತದೆ ಅಂದುಕೊಂಡಿದ್ದ, ಬರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಮೈ ಹಗುರಾಯಿತು, ಮತ್ತು ಹಗುರಾದದ್ದಕ್ಕೇ ಅವನಿಗೆ ಹೆಚ್ಚು ಸಂಕಟವಾಯಿತು. ಮನೆಗೆ ಹೋಗಿ ತಿಪ್ಪವ್ವನಿಗೆ ಹೇಳಿದ. ಅವಳು, "ಹೇಳಿದ್ಯಾ, ಚಲೋ ಆತು," ಎಂದು ತಾಟನ್ನು ಎಂದಿನ ಹಾಗೆ ಬಲಕ್ಕೆ ಸರಿಸಿ ಇಟ್ಟಳು.

ಗಟ್ಟಿ ಪ್ಲೇಟು ಕೂರಿಸಿದ್ದು ನವೆಂಬರ್ ಒಂದರ ಮುಂಜಾನೆ. ಸ್ಟೇಷನ್ ಕಡೆಯಿಂದ ವಾಲಗ, ಜೈಕಾರ ಕೇಳಿಬರುತ್ತಿತ್ತು. ಹೊಳೆಯಪ್ಪನನ್ನು ಯಾರೂ ಕರೆದಿರಲಿಲ್ಲ. ಆದರೂ ಬಂದು ಗ್ಯಾರೇಜಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಹೊಸ ಪ್ಲೇಟಿನ ಬಗೆಗೆ, ಆ ಏರಿನ ಬಗೆಗೆ ಇಸಾಕನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದ.

ಅಷ್ಟರಲ್ಲಿ ಅನ್ನಪೂರ್ಣವ್ವ ಬಂದಳು. ಒಂದು ಕೈಯಲ್ಲಿ ಹೂವು ವಿಭೂತಿ, ಇನ್ನೊಂದರಲ್ಲಿ ಎಣ್ಣೆಯ ಬಟ್ಟಲು. ಪ್ಲೇಟು ಆಗಲೇ ಒಳಗೆ ಸೇರಿತ್ತು, ಆದರೂ ಬಟ್ಟಲು ಕಂಡು ಗೌಸಸಾಬ ಲಾರಿಗೆ ಅಡ್ಡ ನಿಂತ. ಅವಳು ಅವನನ್ನು ಸುತ್ತಿ ಹೋಗಿ ಲಾರಿಯ ಮೂತಿಗೆ ವಿಭೂತಿ ಹಚ್ಚಿದಳು, ಸ್ಟೇರಿಂಗಿಗೆ ಹೂವು ಸಿಗಿಸಿದಳು. ಎಣ್ಣೆಯನ್ನು ಎಲ್ಲಿಯೂ ಮುಟ್ಟಿಸಲಿಲ್ಲ. ಕಟ್ಟೆಯ ಹತ್ತಿರ ಬಂದು ಬಟ್ಟಲನ್ನು ಹೊಳೆಯಪ್ಪನ ಪಕ್ಕಕ್ಕೆ ಇಟ್ಟಳು. ಬೆಳ್ಳುಳ್ಳಿಯ ವಾಸನೆ ಬಂತು.

"ಕಾಯಿಸಿ ತಂದೇನಿ. ಬಿಸಿ ಇದ್ದಾಗ ಮಣಕಾಲಿಗೆ ತಿಕ್ಕೋ," ಅಂದಳು. "ನೀ ಸುಳ್ಳ ಹೇಳಿದ್ದಕ್ಕ ನನಗಿನ್ನೂ ಸಿಟ್ಟ ಐತಿ. ಇದು ಬ್ಯಾರೆ."

ಅವನು ಬಟ್ಟಲಿನ ಅಂಚನ್ನು ಮುಟ್ಟಿ ನೋಡಿದ, ಇನ್ನೂ ಬಿಸಿ ಇತ್ತು.

ಇಸಾಕ ಇಂಜಿನ್ ಚಾಲೂ ಮಾಡಿದ. ಮೊದಲ ಗೇರಿಗೆ ಹಾಕುವ ಸದ್ದಾಗುತ್ತಲೂ ಹೊಳೆಯಪ್ಪನ ಎಡಗಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತಿತು. ಲಾರಿ ರಸ್ತೆಗೆ ಇಳಿದು ಎರಡನೆಯ ಗೇರು ಬಿದ್ದಾಗ ಮತ್ತೆ ಒತ್ತಿತು. ಮೂರನೆಯದಕ್ಕಾಗಿ ಕಿವಿಗೊಟ್ಟು ಕಾದ. ಅದು ಕೇಳಲಿಲ್ಲ, ಲಾರಿ ಆಗಲೇ ಮೆರವಣಿಗೆಯ ಗದ್ದಲದಲ್ಲಿ ಸೇರಿಹೋಗಿತ್ತು. ಅವನು ಧೋತರವನ್ನು ಮೊಣಕಾಲಿನ ಮೇಲಕ್ಕೆ ಸರಿಸಿ ಬಟ್ಟಲನ್ನು ಹತ್ತಿರ ಎಳೆದುಕೊಂಡ.